ನನ್ನ ಷಡ್ಜದ ಗಿಟಾರು

ಸಪ್ತಾಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ರಾಕ್ ಬ್ಯಾಂಡಿನ ಮೂವರು ಹುಡುಗಿಯರು ಒಂದು ವರ್ಷ ಬಾಡಿಗೆಗಿದ್ದರು. ಬೆಳಿಗ್ಗೆ ನಾನು ತಂಬೂರಿ ಹಿಡಿದು ರಿಯಾಜಿಗೆ ಕೂತರೆ ಸಾಕು, ಮೇಲೆ ಗಿಟಾರು ಶುರುವಾಗುತ್ತಿತ್ತು.

"ಇದು ಸಂಗೀತದ ಮನಿ. ನಿಮ್ಮ ಗದ್ದಲಕ್ಕ ಬ್ಯಾರೆ ಕಡೆ ಖೋಲಿ ನೋಡ್ಕೊಳ್ರಿ" ಎಂದು ಒಂದು ದಿನ ರೇಗಿಬಿಟ್ಟೆ.

"ಆತ್ರಿ, ಬಾಯಾರ" ಎಂದು ಕೋಣೆ ಖಾಲಿ ಮಾಡಿ ಹೋದರು.

ಮೊನ್ನೆ ಅವರ ಹೊಸ ಹಾಡು ಬಿಡುಗಡೆಯಾಯಿತು. ತಪ್ಪು ಹುಡುಕಲೆಂದೇ ತಂಬೂರಿ ಮೀಟುತ್ತ ಕೇಳಿದೆ. ಗಿಟಾರು ನನ್ನ ಷಡ್ಜಕ್ಕೇ, ನನ್ನ ತಂಬೂರಿಯ 'ಸಾ'ಗೇ, ಕೂಡಿತ್ತು. ಆ ಹುಡುಗಿಯರಿಗೆ ಫೋನ್ ಮಾಡಿ ಕೇಳಿದೆ.

"ನಿಮ್ಮ ರಿಯಾಜ್ ಕೆಡಬಾರದಂತ ಆವಾಗ ತಂತಿ ಇಳಿಸಿ ನಿಮ್ಮ ಷಡ್ಜಕ್ಕ ಕೂಡಿಸ್ಕೊಂಡಿದ್ದಿವ್ರಿ. ಅದೇ ರೂಢಿ ಆತು."

ಸ್ವರ ಕೂದಲೆಳೆಯಷ್ಟು ಜಾರಿದರೂ ಶಿಷ್ಯರನ್ನು ಬೈಯುವವಳು ನಾನು. ವರ್ಷವಿಡೀ ತಲೆಯ ಮೇಲೆ ಗಿಟಾರು ನನ್ನದೇ ಷಡ್ಜದಲ್ಲಿ ನುಡಿದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ.