ಸಿಪಾಯಿಯ ಬೂಟಿನ ತೂಕ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡು ಹೋಳಾಗಿಯೇ ಬೆಳೆದಿತ್ತು. ಚಿಕ್ಕಂದಿನಲ್ಲಿ ದಬ್ಬಳ ಚುಚ್ಚಿ ಆದದ್ದಂತೆ. ಆ ಸೀಳಿಗೆ ಮೇಣದ ದಾರ ಸಿಕ್ಕಿಸಿ, ಸೊಯ್ಯನೆ ಎಳೆದು ಹೊಲಿಗೆ ಬಿಗಿ ಮಾಡುವರು. ಚಾಮರಾಜಪುರಂ ಸ್ಟೇಷನ್ನಿನ ಹತ್ತಿರ ಅವರ ಅಂಗಡಿ. ನಾವೆಲ್ಲ ಅವರನ್ನು ಬೂಟಿನ ಯಜಮಾನರು ಎನ್ನುತ್ತಿದ್ದೆವು. ಯಾರೇ ಬಂದರೂ ಮೊದಲು ಕಾಲು ನೋಡುವರು, ಆಮೇಲೆ ಮುಖ. "ಮುಖ ಏನ್ ಬೇಕಾದ್ರೂ ಹೇಳ್ತದೆ ಕಣವ್ವಾ, ಸವೆದ ಹಿಮ್ಮಡಿ ಸುಳ್ಳು ಹೇಳಾಕಿಲ್ಲ" ಎಂಬುದು ಅವರ ಮಾತು.

ನನ್ನ ಕಾಲನ್ನು ಅವರು ನನ್ನ ಆರನೇ ವರ್ಷದಿಂದ ಬಲ್ಲರು. ಪೋಲಿಯೊ ಬಂದು ಎಡಗಾಲು ಸೊರಗಿತ್ತು. ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಉಕ್ಕಿನ ಪಟ್ಟಿ, ಚರ್ಮದ ಬೆಲ್ಟುಗಳು, ಕೆಳಗೆ ದಪ್ಪ ಅಟ್ಟೆಯ ಬೂಟು. ನಾನು ಬೆಳೆದಂತೆಲ್ಲ ಈ ಕ್ಯಾಲಿಪರನ್ನು ಅವರೇ ಹೊಸದಾಗಿ ಮಾಡಿಕೊಡುತ್ತಿದ್ದರು. ಗಟ್ಟಿಯಾಗಿರಬೇಕು ಎಂಬುದೊಂದೇ ಹಟ. "ನನ್ ಬೂಟು ಮುರ್ದು ಈ ಮಗ ರಸ್ತೇಲಿ ಬೀಳಬಾರ್ದು" ಎನ್ನುವರು.

ತೊಂಬತ್ತರ ದಶಕದ ಕೊನೆ. ಸರಸ್ವತಿಪುರಂನ ನಮ್ಮ ಮನೆಯಿಂದ ನಾನು ಕಾಲೇಜಿಗೆ ಹೋಗುತ್ತಿದ್ದೆ. ಪಕ್ಕದ ಬೀದಿಯ ಗೆಳೆಯ ಸುಧೀರ ಎಲ್ಲಿಂದಲೋ ಒಂದು ಆಟದ ಪುಸ್ತಕದ ಜೆರಾಕ್ಸ್ ತಂದ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಬೇಕು. ಗೆಲುವು ಸೋಲೆಲ್ಲ ದಾಳದ ಮೇಲೆ. ಭಾನುವಾರ ಮಧ್ಯಾಹ್ನ ನಮ್ಮ ವರಾಂಡದಲ್ಲಿ ನಾಲ್ಕು ಜನ ಕೂರುತ್ತಿದ್ದೆವು. ನಾನು ಸಿಪಾಯಿ. ಕೋಟೆ ಹತ್ತುತ್ತಿದ್ದೆ, ಕಂದಕ ಹಾರುತ್ತಿದ್ದೆ. ಪುಸ್ತಕದಲ್ಲಿ ಪ್ರತಿ ಸಾಮಾನಿಗೂ ತೂಕ ಕೊಟ್ಟಿದ್ದರು. ಭಾರ ಹೆಚ್ಚಿದಷ್ಟೂ ಪಾತ್ರದ ನಡಿಗೆ ನಿಧಾನ. ಉಕ್ಕಿನ ಬಳೆ ಹೆಣೆದ ಕವಚಕ್ಕೆ ಹದಿನೆಂಟು ಕಿಲೋ. ಬೂಟಿಗೆ ಸೊನ್ನೆ.

"ಬೂಟಿಗೆ ತೂಕವೇ ಇಲ್ವಾ?" ಎಂದೆ.

"ಅದೇನ್ ಮಹಾ ಕಣೇ, ಬಟ್ಟೆ ಜೊತೆ ಸೇರ್ಹೋಯ್ತು" ಎಂದ ಕಥೆ ನಡೆಸುತ್ತಿದ್ದ ಸುಧೀರ.

ನನಗೇಕೋ ಸಿಟ್ಟು ಬಂತು. ಮರುದಿನ ಸಂಜೆ ಅವನನ್ನೇ ಎಳೆದುಕೊಂಡು ಯಜಮಾನರ ಅಂಗಡಿಗೆ ಹೋದೆ. ಹಳೇ ಕಾಲದ ಸಿಪಾಯಿಯ ಬೂಟು ಎಷ್ಟು ತೂಗುತ್ತಿತ್ತು ಎಂದು ಕೇಳಿದರೆ ನಕ್ಕು ಕಳಿಸಿಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಯೋಚಿಸಿದರು.

"ಕಾಲಾಳೋ, ಕುದುರೆ ಮೇಲಿನವನೋ?"

"ಕಾಲಾಳು."

"ಅಂಗಾದ್ರೆ ಜೊತೆ ಒಂದೂವರೆ ಕಿಲೋ ದಾಟಬಾರ್ದು. ದಾಟಿದ್ರೆ ಯುದ್ಧಕ್ಕೆ ಮುಂಚೇನೇ ಅವನು ಸುಸ್ತು."

ಹದಿನೆಂಟು ಕಿಲೋ ಕವಚ ಹೊತ್ತವನಿಗೆ ಕಾಲಲ್ಲಿ ಒಂದು ಕಿಲೋ ಯಾವ ಲೆಕ್ಕ ಎಂದು ಸುಧೀರ ವಾದಕ್ಕಿಳಿದ. ಯಜಮಾನರು ವಾದ ಮಾಡಲಿಲ್ಲ. ಹತ್ತು ಕಿಲೋ ಚರ್ಮದ ತುಂಡುಗಳನ್ನು ಚೀಲಕ್ಕೆ ತುಂಬಿ ಅವನ ಬೆನ್ನಿಗೆ ಬಿಗಿದು, ಸ್ಟೇಷನ್ನಿನವರೆಗೆ ಮೂರು ಸಲ ಹೋಗಿ ಬಾ ಎಂದರು. ಶಿಳ್ಳೆ ಹಾಕುತ್ತಲೇ ಬಂದ. ಆಮೇಲೆ ಚೀಲ ಇಳಿಸಿ, ತಕ್ಕಡಿಯ ಒಂದೊಂದು ಕಿಲೋ ಬಟ್ಟನ್ನು ಎರಡೂ ಪಾದಕ್ಕೆ ಕಟ್ಟಿ ಕಳಿಸಿದರು. ಎರಡನೇ ಸುತ್ತಿಗೇ ಬಂದು ಕಟ್ಟೆಯ ಮೇಲೆ ಕುಸಿದ.

"ಬೆನ್ನಿನ ಭಾರ ಒಂದ್ಸಲ ಎತ್ಕಂಡ್ರೆ ಆಯ್ತು. ಕಾಲಿಂದು ಹೆಜ್ಜೆ ಹೆಜ್ಜೆಗೂ ಎತ್ತಬೇಕು ಕಣಪ್ಪಾ" ಎಂದು ಯಜಮಾನರು ನಗತೊಡಗಿದರು. ನಗುತ್ತಲೇ ಅವರ ಕಣ್ಣು ನನ್ನ ಕಾಲಿಗೆ ಬಿತ್ತು. ನಗು ನಿಂತಿತು.

"ಬಿಚ್ಚವ್ವಾ ಅದ್ನ."

ಕ್ಯಾಲಿಪರನ್ನು ತಕ್ಕಡಿಗಿಟ್ಟು ತೂಗಿದರು. ಎರಡು ಕಿಲೋ ಮುನ್ನೂರು ಗ್ರಾಂ. ಬಟ್ಟು ಬದಲಿಸಿ ಇನ್ನೊಮ್ಮೆ ತೂಗಿದರು.

"ಇಷ್ಟು ವರ್ಷದಿಂದ ಇದನ್ನ ನಾನೇ ನಿನ್ ಕೈಲಿ ಎತ್ತಿಸ್ತಾ ಇದ್ದೀನಲ್ಲ ಮಗಾ. ಒಂದ್ ಮಾತು ಯಾಕೆ ಹೇಳ್ಲಿಲ್ಲ?"

"ಕಾಲು ಅಂದ್ರೆ ಇಷ್ಟೇ ಭಾರ ಇರುತ್ತೆ ಅನ್ಕೊಂಡಿದ್ದೆ ಯಜಮಾನ್ರೇ."

ಆ ತಿಂಗಳೆಲ್ಲ ಅವರು ಬೇರೆ ಕೆಲಸ ಹಿಡಿಯಲಿಲ್ಲ. ಡಾಕ್ಟರನ್ನು ಕೇಳಿಕೊಂಡು ಬಂದು ಉಕ್ಕಿನ ಬದಲು ಅಲ್ಯೂಮಿನಿಯಂ ಪಟ್ಟಿ ಹಾಕಿದರು, ಅಟ್ಟೆಗೆ ಹವಾಯಿ ಚಪ್ಪಲಿಯ ರಬ್ಬರು. ಗಾಳಿಯಷ್ಟು ಹಗುರ. ಮೂರನೇ ದಿನ ಬಸ್ ಸ್ಟಾಪಿನಲ್ಲಿ ಮಂಡಿಯ ಹತ್ತಿರ ಪಟ್ಟಿ ಬಾಗಿತು, ನಾನು ಬಿದ್ದೆ. ಅಂಗೈ ತರಚಿ ರಕ್ತ ಬಂತು. ಸುದ್ದಿ ಕೇಳಿ ಯಜಮಾನರು ಮನೆಗೆ ಬಂದರು. ಒಳಗೆ ಬರದೆ ಮೆಟ್ಟಿಲ ಬಳಿಯೇ ನಿಂತರು.

"ಪ್ರಯೋಗ ಮಾಡೋಕೆ ನನ್ ಮಗಳೇ ಬೇಕಿತ್ತೇನ್ರೀ?" ಎಂದರು ಅಪ್ಪ.

"ತಪ್ಪಾಯ್ತು ಸ್ವಾಮಿ. ಹಳೇದನ್ನೇ ಸರಿ ಮಾಡ್ಕೊಟ್ಬುಡ್ತೀನಿ."

ಅಪ್ಪನ ಮುಂದೆ ನಾನು ಎಂದೂ ಎದುರು ಮಾತಾಡಿದವಳಲ್ಲ. ಆವತ್ತು ಆಡಿದೆ. "ಬೇಡಪ್ಪ. ಮೂರು ದಿನ ನಾನು ಹಗುರಾಗಿ ನಡೆದಿದೀನಿ. ಯಜಮಾನ್ರೇ, ಮಂಡಿ ಹತ್ರ ಮಾತ್ರ ಉಕ್ಕು ಇಡಿ, ಇನ್ನೊಂದ್ಸಲ ನೋಡೋಣ." ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಅಮ್ಮನಿಗೆ, ಅವರಿಗೆ ಕಾಫಿ ಕೊಡು ಎಂದರು.

ಎರಡನೆಯದು ಒಂದು ಕಿಲೋ ಇನ್ನೂರು. ತೊಟ್ಟು ಮೊದಲ ಹೆಜ್ಜೆ ಇಟ್ಟರೆ ಕಾಲು ಬೇಕಾದ್ದಕ್ಕಿಂತ ಮೇಲೆ ಎದ್ದುಬಿಟ್ಟಿತು. ನಾನೂ ಅವರೂ ಒಟ್ಟಿಗೆ ನಕ್ಕೆವು. ಅಂಗಡಿಯಿಂದ ಮನೆಯವರೆಗೆ ಎಲ್ಲೂ ಕೂರದೆ ನಡೆದೆ. ಆ ಕಡೆ ಏನೋ ಕೆಲಸವಿದೆ ಎಂದು ಅವರು ಸೈಕಲ್ ತಳ್ಳಿಕೊಂಡು ಹಿಂದೆಯೇ ಬಂದರು. ನಮ್ಮ ಗೇಟು ಮುಟ್ಟಿದ ಮೇಲೆ ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ಹೋದರು.

ಮುಂದೆ ನನಗೆ ನಮ್ಮೂರಿನದೇ ಹೆಬ್ಬಾಳದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಆಟಗಳನ್ನು ಮಾಡುವ ಕೆಲಸ ಸಿಕ್ಕಿತು. ಕವಚ, ಬೂಟುಗಳ ತೂಕದ ಪಟ್ಟಿ ನನ್ನ ಪಾಲಿಗೆ ಬಂತು. ಬೆನ್ನಿನ ಭಾರಕ್ಕೊಂದು, ಪಾದದ ಭಾರಕ್ಕೊಂದು ಬೇರೆ ಬೇರೆ ನಿಯಮ ಬರೆದೆ. ಅದನ್ನು ಹೇಳಲು ಹೋದಾಗ ವಯಸ್ಸಾಗಿ ಯಜಮಾನರ ಕಣ್ಣು ಮಂಜಾಗಿತ್ತು. "ಆ ಸಿಪಾಯಿ ಇನ್ನೂ ನಡೀತಾವ್ನಾ?" ಎಂದು ಕೇಳಿದರು.

"ಓಡ್ತಾಳೆ" ಎಂದೆ.

ಮರುವರ್ಷ ಅವರು ತೀರಿಕೊಂಡರು. ಅವರ ಮನೆಯ ಮುಂದೆ ನನ್ನಂತೆಯೇ ಕ್ಯಾಲಿಪರ್ ತೊಟ್ಟ ಮೂವರು ನಿಂತಿದ್ದರು. ಎಲ್ಲರದೂ ಅಲ್ಯೂಮಿನಿಯಂ, ಮಂಡಿಯಲ್ಲಿ ಮಾತ್ರ ಉಕ್ಕು. ಆ ಮೂವರಲ್ಲಿ ಶಾಲೆಯ ಟೀಚರ್ ಎಂದು ಪರಿಚಯ ಹೇಳಿಕೊಂಡ ಹೆಂಗಸೊಬ್ಬರು ನನ್ನ ಕಾಲು ನೋಡಿ ಹತ್ತಿರ ಬಂದರು.

"ನಿಮ್ದೂ ಅವ್ರೇ ಮಾಡಿದ್ದಾ? ಉಕ್ಕಿನದು ಹಾಕ್ಕೊಂಡು ಹೋದೋರನ್ನೆಲ್ಲ ಕೂರ್ಸಿ, ಅದನ್ನ ಬಿಚ್ಚಿಸಿ ತೂಗೋರು ಕಣ್ರೀ. ಯಾರೋ ಒಂದು ಹುಡುಗಿ ಆಟ ಆಡ್ತಾ ಆಡ್ತಾ ನಂಗೆ ಈ ಪಾಠ ಹೇಳ್ಕೊಟ್ಲು ಅನ್ನೋರು."

ನಾನು ಬಗ್ಗಿ ನನ್ನ ಕ್ಯಾಲಿಪರಿನ ಬೆಲ್ಟು ಬಿಗಿ ಮಾಡಿಕೊಂಡೆ. ಹೆಣ ಎತ್ತಿದರು. ನಾವು ನಾಲ್ವರೂ ಸ್ಮಶಾನದ ತಿರುವಿನವರೆಗೆ ಹಿಂದೆ ನಡೆದೆವು. ದಾರಿಯಲ್ಲಿ ಒಬ್ಬರೂ ನಿಂತು ಸುಧಾರಿಸಿಕೊಳ್ಳಲಿಲ್ಲ.