ಎರಡು ಸುಳಿಯ ತಲೆ

ಥಾಯ್ಲೆಂಡಿನ ಉತೈ ಥಾನಿಯ ನದಿದಂಡೆಯ ಪೇಟೆಯಲ್ಲಿ ಸಾಯಿಬುವಾಳ, ಅಂದರೆ ಊರವರ ಬುವಕ್ಕನ, ಕ್ಷೌರದಂಗಡಿ ಎಲ್ಲಿ ಎಂದು ಕೇಳಿದರೆ ಮೀನು ಮಾರುವವರಿಂದ ಹಿಡಿದು ದೋಣಿ ನಡೆಸುವವರವರೆಗೆ ಎಲ್ಲರೂ ಕೈತೋರಿಸುತ್ತಾರೆ. ಅಂಗಡಿಗೆ ಬೋರ್ಡಿಲ್ಲ. ಬಾಗಿಲ ಪಕ್ಕದಲ್ಲಿ ಕತ್ತಿ ಮಸೆಯುವ ಚರ್ಮದ ಪಟ್ಟಿ ನೇತಾಡುತ್ತದೆ, ಅದೇ ಗುರುತು. ಅಪ್ಪನ ಕಣ್ಣು ಮಂದವಾದಾಗ ಹದಿನೆಂಟರ ಸಾಯಿಬುವಾ ಅವನ ಕತ್ತಿಯನ್ನು ಕೈಗೆತ್ತಿಕೊಂಡಳು. ಹೆಂಗಸಿನ ಕೈಗೆ ಕುತ್ತಿಗೆ ಕೊಡುವುದುಂಟೇ ಎಂದು ಮೂಗು ಮುರಿದವರೆಲ್ಲ ಒಂದು ವರ್ಷದೊಳಗೆ ಅದೇ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯತೊಡಗಿದರು. ಮೂವತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಒಬ್ಬನ ಕೆನ್ನೆಯಲ್ಲೂ ಒಂದು ತೊಟ್ಟು ರಕ್ತ ಕಂಡಿಲ್ಲ ಎಂಬುದು ಅವಳ ಹೆಮ್ಮೆ. ಆ ಹೆಮ್ಮೆಯನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ಅವಳದ್ದಲ್ಲ.

ಗಂಡ ಬುನ್ಮಾ ನದಿಯಲ್ಲಿ ತೇಲುವ ತೆಪ್ಪದ ಕೆಳಗೆ ಬಲೆ ಕಟ್ಟಿ ಮೀನು ಸಾಕುತ್ತಾನೆ. ಒಳ್ಳೆಯ ಮನುಷ್ಯ, ಬೆರಳುಗಳು ಮಾತ್ರ ಬಾಳೆಹಣ್ಣಿನಷ್ಟು ದಪ್ಪ. ಹೆಂಡತಿಯ ತುರುಬು ನೋಡಿ ಮರುಳಾಗಿ ಮದುವೆಯಾದೆನೆಂದು ಇವತ್ತಿಗೂ ಹೇಳಿಕೊಳ್ಳುತ್ತಾನೆ. ಇರುವ ಒಬ್ಬ ಮಗ ದೋಣಿಯ ಎಂಜಿನ್ ರಿಪೇರಿ ಮಾಡುತ್ತಾನೆ. ಹುಟ್ಟಿದಾಗ ಕಾಲು ಮಡಚಿಕೊಂಡು ಮಲಗುತ್ತಿದ್ದನೆಂದು ಅವನನ್ನು ಕೊಪ್, ಅಂದರೆ ಕಪ್ಪೆ, ಎಂದು ಕರೆದಿದ್ದರು. ವಯಸ್ಸು ಇಪ್ಪತ್ತೊಂದಾದರೂ ಅದೇ ಹೆಸರು ನಿಂತಿದೆ. ಅವನ ಹಿಂದಲೆಯಲ್ಲಿ ಎರಡು ಸುಳಿ, ಒಂದರ ಕೂದಲು ಬಲಕ್ಕೆ ತಿರುಗಿದರೆ ಇನ್ನೊಂದರದ್ದು ಎಡಕ್ಕೆ. ಎರಡು ಸುಳಿಯಿದ್ದವರು ಹಟಮಾರಿಗಳೆಂದು ಅಲ್ಲಿಯವರ ನಂಬಿಕೆ. "ಆ ಹಟ ಎಲ್ಲಿಂದ ಬಂತು ಅಂತ ಹೇಳಿ ನಾನ್ಯಾಕೆ ಊಟ ಕಳ್ಕೊಳ್ಳಲಿ," ಎಂದು ಬುನ್ಮಾ ನಗುತ್ತಿದ್ದ.

ಆ ವರ್ಷ ಮಳೆಗಾಲದ ಮೂರು ತಿಂಗಳು ಕೊಪ್ ಬೌದ್ಧ ವಿಹಾರದಲ್ಲಿ ಬಿಕ್ಕುವಾಗಿರುವುದೆಂದು ನಿಶ್ಚಯವಾಯಿತು. ತಾಯಿಗೆ ಪುಣ್ಯ ಬರಲೆಂದು ಊರಿನ ಗಂಡುಮಕ್ಕಳೆಲ್ಲ ಮಾಡುವಂಥದ್ದೇ. ಕಾವಿ ಉಟ್ಟ ಮೇಲೆ ಹೆಂಗಸರು, ಹೆತ್ತ ತಾಯಿಯೂ ಸಹ, ಅವನನ್ನು ಮುಟ್ಟುವಂತಿಲ್ಲ. ಹಾಗಾಗಿ ಸಾಯಿಬುವಾಳಿಗೆ ಇದ್ದದ್ದು ಒಂದೇ ಆಸೆ: ಆ ತಲೆಯನ್ನು ತಾನೇ ಬೋಳಿಸಬೇಕು, ಒಂದು ಗೀರೂ ಬೀಳದ ಹಾಗೆ. ವಾಡಿಕೆಯಂತೆ ತಾಯಿ ಒಂದು ಕುಚ್ಚು ಕೂದಲು ಕತ್ತರಿಸಿ ಪಕ್ಕಕ್ಕೆ ಸರಿಯುತ್ತಾಳೆ, ಉಳಿದದ್ದು ಬಿಕ್ಕುಗಳ ಕೆಲಸ. ಅವಳು ವಿಹಾರದ ದೊಡ್ಡ ಗುರುಗಳ ಬಳಿಗೆ ನೇರವಾಗಿ ಹೋಗಿ ಕೇಳಿಯೇಬಿಟ್ಟಳು.

"ಕಾವಿ ಉಡೋ ತನಕ ಅವನು ನಿನ್ನ ಮಗ. ಬೋಳಿಸು," ಎಂದರು ಗುರುಗಳು. "ಆದರೆ ಅವನ ಪಾಲಿಗೆ ಬಂದ ರೇಜರಿನಲ್ಲೇ ಬೋಳಿಸಬೇಕಮ್ಮ. ನಮ್ಮ ವಿಹಾರದಲ್ಲಿ ಮೊದಲಿಂದ ನಡ್ಕೊಂಡು ಬಂದಿರೋದು ಹಾಗೇ."

"ಅಲಗು ಯಾವುದಾದ್ರೇನು ಗುರುಗಳೇ, ಕೈ ನಂದಲ್ವಾ," ಎಂದಳು ಸಾಯಿಬುವಾ.

ಬಿಕ್ಕುವಿಗೆ ಕೊಡುವ ಭಿಕ್ಷಾಪಾತ್ರೆಯೊಳಗೆ, ಸೂಜಿದಾರದ ಪಕ್ಕದಲ್ಲಿ, ಆ ರೇಜರ್ ಇತ್ತು. ಬೆರಳುದ್ದದ ಹಿಡಿ, ಅದರ ತುದಿಗೆ ಅಡ್ಡಲಾಗಿ ಒಂದು ದಪ್ಪ ತಲೆ. ಹಿಡಿಯನ್ನು ತಿರುಗಿಸಿದರೆ ತಲೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ, ನಡುವೆ ಎರಡೂ ಕಡೆ ಹರಿತವಾದ ತೆಳ್ಳನೆಯ ಬ್ಲೇಡ್ ಇಡಬೇಕು. ಅಂಥದ್ದನ್ನು ಅವಳು ಅಂಗಡಿಗಳಲ್ಲಿ ನೋಡಿದ್ದಳೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ. ಅಂಗಡಿಗೆ ಬರಲಾರದ ಸೋಮಾರಿಗಳ ಆಟಿಕೆ ಅದು ಎಂಬುದು ಅವಳ ಅಭಿಪ್ರಾಯವಾಗಿತ್ತು.

ಇನ್ನೂ ಐದು ದಿನ ಇತ್ತು. ಒಮ್ಮೆ ಕೈಗೆ ಹೊಂದಿಸಿಕೊಳ್ಳೋಣವೆಂದು ಅವಳು ಬುನ್ಮಾನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ಬಿಕ್ಕು ಆಗೋನು ಅವನೇ ನಾನೇ?" ಎಂದ ಅವನು.

"ಸುಮ್ನೆ ಕೂತ್ಕೊಳ್ಳಿ. ಕೂದಲು ಮತ್ತೆ ಬರುತ್ತೆ."

ಕತ್ತರಿಯಲ್ಲಿ ಕೂದಲಿಳಿಸಿ, ಸೋಪು ಹಚ್ಚಿ, ತನ್ನ ಕತ್ತಿಯನ್ನು ಹಿಡಿಯುವ ಹಾಗೆಯೇ ರೇಜರಿನ ಕತ್ತನ್ನು ಹಿಡಿದು ಚರ್ಮದ ಮೇಲೆ ಮಲಗಿಸಿ ಎಳೆದಳು. ಸೋಪು ಹೋಯಿತು, ಕೂದಲು ಅಲ್ಲೇ ಇತ್ತು. ಹಿಡಿಯನ್ನು ಕೊಂಚ ಎತ್ತಿ ಇನ್ನೊಮ್ಮೆ ಎಳೆದಳು, ಆಗಲೂ ಬರಲಿಲ್ಲ. ಅವಳಿಗೆ ರೇಗಿತು. ಹೆಬ್ಬೆರಳು ಊರಿ ಒತ್ತಿ ಎಳೆದಳು. ಈ ಸಲ ಕೂದಲೂ ಬಂತು, ಅದರ ಜೊತೆಗೆ ಚರ್ಮವೂ ಬಂತು. ಬುನ್ಮಾನ ಕಿವಿಯ ಮೇಲಿಂದ ಕೆಂಪಗೆ ಒಂದು ಗೆರೆ ಇಳಿಯಿತು. ಮೂವತ್ತು ವರ್ಷದಲ್ಲಿ ಮೊದಲನೆಯದು. ಅವಳು ನಂಬಲಾರದೆ ಆ ಬದಿಯ ಅರ್ಧ ತಲೆ ಮುಗಿಯುವವರೆಗೂ ಎಳೆದಳು, ಇನ್ನೂ ಎರಡು ಗೆರೆ ಇಳಿದವು.

"ಏನೇ ಇದು, ಹೆಂಡತಿ ಹತ್ರ ಕೂತಿದೀನೋ, ಮೀನು ಹೆಚ್ಚೋ ಮಣೆ ಮೇಲೆ ಕೂತಿದೀನೋ?" ಎನ್ನುತ್ತ ಬುನ್ಮಾ ಕೊರಳಿನ ಬಟ್ಟೆ ಕಿತ್ತೆಸೆದು ಎದ್ದೇಬಿಟ್ಟ. ಅರ್ಧ ಬೋಳಿಸಿದ ತಲೆಯಲ್ಲೇ ಅವನು ಮೀನಿಗೆ ಮೇವು ಹಾಕಲು ಹೋದ. ಆ ದಿನ ನದಿಯ ಮೇಲಿನ ತೆಪ್ಪದ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. "ಬುವಕ್ಕನ ಕೈಯೂ ಕೆಟ್ಟಿತಂತೆ" ಎಂಬುದು ಸಂಜೆಯೊಳಗೆ ಅವಳ ಅಂಗಡಿಯ ಬಾಗಿಲಿಗೇ ಬಂದು ಮುಟ್ಟಿತು.

ಸಾಯಿಬುವಾಳಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಗನ ತಲೆಯ ಮೇಲೆ ತನ್ನ ಕೈಯಿಂದಲೇ ರಕ್ತ ಬಂದರೆ? ಮರುದಿನ ಬೆಳಿಗ್ಗೆ ತನ್ನ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಿಹಾರಕ್ಕೆ ಹೋದಳು.

"ಗುರುಗಳೇ, ಇದರಲ್ಲೇ ಮಾಡ್ತೀನಿ. ದಯವಿಟ್ಟು ಬೇಡ ಅನ್ನಬೇಡಿ. ಆ ರೇಜರ್ ನನ್ನ ಮಾತು ಕೇಳ್ತಿಲ್ಲ."

ಗುರುಗಳು ಕತ್ತಿಯ ಕಡೆ ನೋಡಲೂ ಇಲ್ಲ. "ಇದರಲ್ಲಿ ನೀನು ಚೆನ್ನಾಗೇ ಬೋಳಿಸ್ತೀಯ, ನಂಗೆ ಗೊತ್ತು. ಬೋಳಿಸಿ ಮನೆಗೆ ಹೋಗ್ತೀಯ. ಇಲ್ಲಿ ಪ್ರತಿ ಹುಣ್ಣಿಮೆಯ ಹಿಂದಿನ ದಿನ ನಾವೆಲ್ಲ ಒಬ್ಬರ ತಲೆ ಒಬ್ಬರು ಬೋಳಿಸ್ಕೋತೀವಿ. ಅವತ್ತು ಅವನ ಕೈಗೆ ಸಿಗೋದು ಆ ರೇಜರೇ. ಅದನ್ನ ಹಿಡಿಯೋದು ಹೇಗೆ ಅಂತ ಅವನಿಗೆ ಯಾರು ಕಲಿಸ್ತಾರೆ?"

ಸಾಯಿಬುವಾ ಕತ್ತಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಮಗನಿಗೆ ಕಲಿಸಬೇಕೆಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

"ನಿನ್ನ ಕತ್ತಿಗೆ ನೀನು ಕೆಲಸ ಹೇಳಿಕೊಡಬೇಕು," ಎಂದರು ಗುರುಗಳು ಮೆಲ್ಲಗೆ ನಗುತ್ತ. "ಆ ರೇಜರಿಗೆ ಕೆಲಸ ಗೊತ್ತಿದೆ. ನೀನು ಸ್ವಲ್ಪ ಸುಮ್ಮನಿರಬೇಕು ಅಷ್ಟೇ."

ಸುಮ್ಮನಿರುವುದು ಸಾಯಿಬುವಾಳಿಗೆ ಬಂದ ವಿದ್ಯೆಯಲ್ಲ. ಆದರೂ ಮನೆಗೆ ಬಂದು, ಬೈದು ರಮಿಸಿ, ಒಳ್ಳೆಯ ಮೀನಿನ ಸಾರು ಮಾಡಿ ಬಡಿಸಿ, ಬುನ್ಮಾನನ್ನು ಮತ್ತೆ ಕುರ್ಚಿಗೆ ತಂದಳು. ಹೇಗೂ ಅರ್ಧ ತಲೆ ಉಳಿದಿತ್ತಲ್ಲ. ಈ ಸಲ ರೇಜರಿನ ಕತ್ತು ಬಿಟ್ಟು ಹಿಡಿಯ ತುದಿಯನ್ನು, ಇಲಿಯ ಬಾಲ ಹಿಡಿದಂತೆ, ಎರಡೇ ಬೆರಳಲ್ಲಿ ಹಿಡಿದಳು. ರೇಜರಿನ ದಪ್ಪ ತಲೆ ತನ್ನ ಭಾರಕ್ಕೆ ತಾನೇ ಚರ್ಮದ ಮೇಲೆ ಕೂತಿತು. ಹಿಡಿಯನ್ನು ನಿಧಾನವಾಗಿ ಇಳಿಸುತ್ತ ಹೋದಳು. ಒಂದು ಹದಕ್ಕೆ ಬಂದಾಗ ಚರಚರ ಎಂಬ ಸದ್ದು ಕೇಳಿಸಿತು. ಕತ್ತಿ ಬೆರಳಿಗೆ ಹೇಳುವುದನ್ನು ಇದು ಕಿವಿಗೆ ಹೇಳುತ್ತಿತ್ತು. ಸದ್ದು ಇರುವಷ್ಟು ಹೊತ್ತು ಕೂದಲು ಬರುತ್ತಿತ್ತು, ಸದ್ದು ನಿಂತರೆ ಹದ ತಪ್ಪಿದೆಯೆಂದು ಅರ್ಥ. ಒತ್ತಲೇಬೇಕಾಗಿರಲಿಲ್ಲ. ಗೇಣುದ್ದ ಎಳೆಯುವ ಅಭ್ಯಾಸ ಬಿಟ್ಟು ಬೆರಳಗಲ ಬೆರಳಗಲ ಎಳೆದಳು. ಮುಗಿಸಿ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದಾಗ ಅತ್ತ ಮೂರು ಗಾಯದ ಅರ್ಧ, ಇತ್ತ ತೊಳೆದ ಬಟ್ಟಲಿನಂಥ ಅರ್ಧ. ಬುನ್ಮಾ ಕನ್ನಡಿಯಲ್ಲಿ ಎರಡೂ ಕಡೆ ನೋಡಿಕೊಂಡು, "ಈ ಕಡೆಯಿಂದಲೇ ಶುರು ಮಾಡೋಕೇನಾಗಿತ್ತು ಮಾರಾಯ್ತಿ?" ಎಂದ.

ಉಳಿದ ದಿನಗಳಲ್ಲಿ ಅವಳು ಕೊಪ್‌ನನ್ನು ಬಿಡಲಿಲ್ಲ. ಅಂಥದೇ ಇನ್ನೊಂದು ರೇಜರ್ ಕೊಂಡು ತಂದು ಅಂಗಡಿಯಲ್ಲಿಟ್ಟಳು. ಮಗ ಅಪ್ಪನ ಗಡ್ಡದ ಮೇಲೂ, ದೋಣಿಯ ಸ್ನೇಹಿತರ ಗಡ್ಡದ ಮೇಲೂ ಕಲಿತ. "ಮೊದಲು ಎಡಗೈ ಆಡಿಸು. ಕೂದಲು ಯಾವ ಕಡೆ ಮಲಗಿದೆ ಅಂತ ಕೈಗೆ ಗೊತ್ತಾಗಲಿ. ಆಮೇಲೆ ರೇಜರು. ಬಾಲ ಹಿಡ್ಕೋ, ಒತ್ತಬೇಡ," ಎಂದು ಅವಳು ಹೇಳಿದ್ದನ್ನೇ ಹೇಳಿದಳು.

"ಅಮ್ಮಾ, ಎಂಜಿನ್ ಬಿಚ್ಚೋನಿಗೆ ಇದೇನು ಕಷ್ಟ?"

"ಎಂಜಿನ್‌ಗೆ ರಕ್ತ ಬರಲ್ಲ ಕಣೋ."

ದೀಕ್ಷೆಯ ದಿನ ವಿಹಾರದ ಅಂಗಳದಲ್ಲಿ ಹಿರಿಯರೆಲ್ಲ ಒಂದೊಂದು ಕುಚ್ಚು ಕತ್ತರಿಸಿ ತಾವರೆ ಎಲೆಯ ಮೇಲಿಟ್ಟರು. ಬುವಕ್ಕನ ಕೈ ಕೆಟ್ಟಿದೆಯೋ ಇಲ್ಲವೋ ನೋಡಲು ಅರ್ಧ ಪೇಟೆಯೇ ನೆರೆದಿತ್ತು. ಸಾಯಿಬುವಾ ಯಾರ ಕಡೆಯೂ ನೋಡಲಿಲ್ಲ. ನೆತ್ತಿಯಿಂದ ಹಣೆಗೆ, ನೆತ್ತಿಯಿಂದ ಕಿವಿಗೆ, ಚರಚರ ಎಂದು ರೇಜರ್ ನಡೆಯಿತು. ಎರಡು ಸುಳಿಗಳ ಹತ್ತಿರ ಬಂದಾಗ ಕೈ ತಾನಾಗಿ ತಿರುಗಿತು: ಮೊದಲನೆಯದಕ್ಕೆ ಬಲಕ್ಕೆ, ಎರಡನೆಯದಕ್ಕೆ ಎಡಕ್ಕೆ. ಈ ತಲೆಗೆ ಎಣ್ಣೆ ಹಚ್ಚಿದ ಕೈ ಅದು, ಜ್ವರ ಬಂದಾಗ ಮುಟ್ಟಿ ನೋಡಿದ ಕೈ. ಕೊನೆಗೆ, ಅಲ್ಲಿಯ ಬಿಕ್ಕುಗಳ ವಾಡಿಕೆಯಂತೆ, ಹುಬ್ಬನ್ನೂ ತೆಗೆದಳು. ಹುಬ್ಬು ಹೋದ ಕೂಡಲೇ ಮಗನ ಮುಖ ಯಾರದ್ದೋ ಮುಖವಾಯಿತು. ಆದರೆ ಕೈಯಲ್ಲಿ ಬ್ಲೇಡಿತ್ತು, ಆದ್ದರಿಂದ ಅಳಲಿಲ್ಲ. ನೀರು ಸುರಿದು ಒರೆಸಿದ ಬಿಳಿ ಬಟ್ಟೆಯನ್ನು ನೆರೆದವರಿಗೆಲ್ಲ ಕಾಣುವ ಹಾಗೆ ಕೊಡವಿ ಹೆಗಲಿಗೆ ಹಾಕಿಕೊಂಡಳು. ಅದರಲ್ಲಿ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಆಮೇಲೆ ಎರಡೂ ಅಂಗೈಯಿಂದ ಆ ತಲೆಯನ್ನು ಒಮ್ಮೆ ಹಿಡಿದು ಬಿಟ್ಟಳು.

ಇಪ್ಪತ್ತು ದಿನ ಕಳೆದು ಹುಣ್ಣಿಮೆ ಬಂತು. ಬೆಳಿಗ್ಗೆ ಅಂಗಡಿಯ ಮುಂದೆ ಬಿಕ್ಕುಗಳು ಸಾಲಾಗಿ ಭಿಕ್ಷೆಗೆ ಬಂದಾಗ ಸಾಯಿಬುವಾ, ಬುನ್ಮಾ ಚಪ್ಪಲಿ ಬಿಟ್ಟು ಮಂಡಿಯೂರಿ ಕೂತಿದ್ದರು. ಅವಳು ಅನ್ನ ಬಡಿಸುತ್ತ ಒಬ್ಬೊಬ್ಬರ ತಲೆಯನ್ನೂ ಕಳ್ಳನೋಟದಲ್ಲಿ ಪರೀಕ್ಷಿಸಿದಳು. ಸಾಲಿನಲ್ಲಿ ಮುಂದಿದ್ದ ಆರು ತಲೆಗಳೂ ನುಣ್ಣಗಿದ್ದವು. ಪ್ರತಿ ಹುಣ್ಣಿಮೆಗೂ ಗಾಯದ ಮೇಲೆ ಕಾಗದದ ಚೂರು ಅಂಟಿಸಿಕೊಂಡು ಬರುತ್ತಿದ್ದ ದೊಡ್ಡ ಗುರುಗಳ ತಲೆಯಲ್ಲೂ ಒಂದು ಗೀರಿರಲಿಲ್ಲ.

"ನಿನ್ನೆ ಎಲ್ಲರ ತಲೆಯನ್ನೂ ಹೊಸ ಬಿಕ್ಕುವೇ ಮಾಡಿದ," ಎಂದರು ಗುರುಗಳು ಪಾತ್ರೆಗೆ ಮುಚ್ಚಳ ಹಾಕುತ್ತ. "ಒಳ್ಳೆಯ ಕೈ."

ಸಾಯಿಬುವಾಳ ಎದೆಯುಬ್ಬಿತು. ಸಾಲಿನ ಕೊನೆಯಲ್ಲಿದ್ದ ಕೊಪ್‌ನ ಪಾತ್ರೆಗೂ ಅನ್ನ ಹಾಕಿ ಅವಳು ಕೈಮುಗಿದಳು. ಅವನು ಕಣ್ಣು ತಗ್ಗಿಸಿಕೊಂಡೇ ಮುಂದೆ ನಡೆದ. ಆಗ ಅವಳಿಗೆ ಅವನ ಹಿಂದಲೆ ಕಾಣಿಸಿತು. ಮೊದಲನೆಯ ಸುಳಿಯ ಮೇಲೆ ಕೂದಲ ಕೂಳೆ ಹಾಗೇ ಉಳಿದಿತ್ತು, ಎರಡನೆಯದರ ಮೇಲೆ ಕಾಗದದ ಚೂರು, ಅದರ ನಡುವೆ ಒಣಗಿದ ರಕ್ತ.

ಎಲ್ಲರ ತಲೆ ಬೋಳಿಸಿದವನ ತಲೆಯನ್ನು ಬೋಳಿಸಿದ್ದು ಯಾರೋ ಪೊರೆಗಣ್ಣಿನ ಮುದಿ ಬಿಕ್ಕುವೇ ಇರಬೇಕು. ಅವಳ ಕೈ ತಾನಾಗಿ ಮುಂದಕ್ಕೆ ಹೋಯಿತು. ಬುನ್ಮಾ ಮುಂಗೈ ಹಿಡಿದುಕೊಂಡ. "ಏಯ್, ಮುಟ್ಟೀಯ!"

ಬಿಕ್ಕುಗಳು ತಿರುವಿನಲ್ಲಿ ಮರೆಯಾದರು. ಸಾಯಿಬುವಾ ಗಂಡನ ಕೈಯನ್ನೇ ನೋಡುತ್ತ ಕೂತಿದ್ದಳು. ಆ ಬಾಳೆಹಣ್ಣಿನ ಬೆರಳುಗಳು ಗಂಡಸಿನವು, ಬಿಕ್ಕುವನ್ನು ಮುಟ್ಟಬಹುದಾದ ಬೆರಳುಗಳು.

"ಏಳಿ. ಇನ್ನೂ ಎರಡು ಹುಣ್ಣಿಮೆ ಬಾಕಿ ಇದೆ. ನೀವು ಕಲೀಬೇಕು."

"ನಾನಾ? ನಾನು ಮೀನಿನ ಹುರುಪೆ ತೆಗೆಯೋನು ಕಣೇ!"

"ಈ ಕೆಲಸದಲ್ಲಿ ಆ ಕೆಲಸ ಮರೀಬೇಕು ಅಷ್ಟೇ."

"ಸರಿ, ಯಾರ ತಲೆ ಮೇಲೆ ಕಲೀಲಿ? ಯಾರು ಕೊಡ್ತಾರೆ ನಂಗೆ? ಬೇರೆಯವರ ತಲೆ ಮೇಲೆ ಕಲಿತರೂ ಏನು ಬಂತು, ಅವನದು ಎರಡು ಸುಳಿ. ಊರಲ್ಲಿ ಅಂಥ ತಲೆ ಇನ್ನೊಂದು ಎಲ್ಲಿದೆ?" ಎನ್ನುತ್ತಲೇ ಬುನ್ಮಾ ಮಾತು ನಿಲ್ಲಿಸಿದ. ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು.

ಸಾಯಿಬುವಾ ಅಂಗಡಿಯೊಳಗೆ ಹೋಗಿ ಕತ್ತರಿ, ಸೋಪಿನ ಬಟ್ಟಲು, ರೇಜರ್ ಎತ್ತಿ ಗಂಡನ ಕೈಗೆ ಕೊಟ್ಟಳು. ಮೂವತ್ತು ವರ್ಷ ಯಾರ್ಯಾರನ್ನೋ ಕೂರಿಸಿದ ಕುರ್ಚಿಯಲ್ಲಿ ಮೊದಲ ಬಾರಿಗೆ ತಾನು ಕೂತು, ಬಟ್ಟೆ ಕಟ್ಟಿಕೊಂಡು, ತುರುಬಿನ ಕಡ್ಡಿ ಎಳೆದಳು. ಕೂದಲು ಸೊಂಟದವರೆಗೆ ಬಿಚ್ಚಿಕೊಂಡಿತು, ಹಿಂದಲೆಯಲ್ಲಿ ಎರಡು ಸುಳಿ ಕಂಡವು.

ಬುನ್ಮಾ ಕತ್ತರಿ ಹಿಡಿದು ನಿಂತೇ ಇದ್ದ. "ಇದನ್ನಾ?" ಎಂದ. ಅವನ ಕಣ್ಣು ತುಂಬಿತ್ತು. "ಬೇಡ ಕಣೇ."

"ಕೂದಲು ಮತ್ತೆ ಬರುತ್ತೆ," ಎಂದಳು ಸಾಯಿಬುವಾ, ಕನ್ನಡಿಯಲ್ಲಿ ಅವನನ್ನೇ ನೋಡುತ್ತ. "ಮೊದಲು ಎಡಗೈ ಆಡಿಸಿ. ಆಮೇಲೆ ಬಾಲ ಹಿಡ್ಕೊಳ್ಳಿ. ಒತ್ತಬೇಡಿ."