ಏಳು ಮಹಡಿಗೆ ಏಳು ಬೋರ್ಡು
ನಮ್ಮ ಕಟ್ಟಡದ ಲಿಫ್ಟ್ ಮೇಸ್ತ್ರಿ ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವರಲ್ಲ. ಸ್ಪ್ಯಾನರ್ ಮರೆತು ಬಂದರೂ, ಮೂರು ಒತ್ತಿದವರನ್ನು ಲಿಫ್ಟು ಐದಕ್ಕೆ ಒಯ್ದರೂ ಒಂದೇ ಮಾತು: "ಮೇಲಿನವನಿಗೆ ಮೊದಲೇ ಗೊತ್ತಿತ್ತು ಬಿಡಿ." "ಹಾಗಾದ್ರೆ ನೀವ್ಯಾಕೆ ಬೇಕು?" ಎಂದರೆ, "ಅದೂ ಅವನಿಗೇ ಗೊತ್ತು" ಎನ್ನುತ್ತಾರೆ. ಆದರೆ ಬರೀ ಬಲ್ಬು ಬದಲಿಸುವುದಿದ್ದರೂ ಏದುಸಿರು ಬಿಡುತ್ತ ಏಳೂ ಮಹಡಿ ಹತ್ತಿ, ಪ್ರತಿ ಬಾಗಿಲಿಗೂ 'ರಿಪೇರಿ ನಡೆದಿದೆ' ಎಂಬ ಬೋರ್ಡು ತೂಗುಹಾಕದೆ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಹಿಂದೊಮ್ಮೆ, ಬೇರೊಂದು ಕಟ್ಟಡದಲ್ಲಿ, ಒಂದು ಬೋರ್ಡು ಹಾಕದೆ ಬಿಟ್ಟಿದ್ದರಂತೆ. ಇವರಿಗೆ ಊಟದ ಡಬ್ಬಿ ತಂದ ಅಣ್ಣ, ಮಬ್ಬು ಬೆಳಕಿನಲ್ಲಿ ಲಿಫ್ಟು ನಿಂತಿದೆ ಎಂದುಕೊಂಡು ತೆರೆದ ಬಾಗಿಲೊಳಗೆ ಕಾಲಿಟ್ಟು ಬಿದ್ದು ತೀರಿಕೊಂಡರು. ಅತ್ತಿಗೆ ಕಣ್ಣೊರೆಸಿಕೊಂಡು ಇವರದೇ ಮಾತು ಹೇಳಿ ಇವರನ್ನು ಸಮಾಧಾನ ಮಾಡಲು ಬಂದಾಗ ಮೇಸ್ತ್ರಿ ಅಂದರಂತೆ: "ಮೇಲಿನವನಿಗೆ ಗೊತ್ತಿತ್ತು ಅತ್ತಿಗೆ. ಅಣ್ಣನಿಗೆ ಗೊತ್ತಿರ್ಲಿಲ್ಲ. ಹೇಳ್ಬೇಕಾಗಿದ್ದವನು ನಾನು."